ಕೂದಲು ಕಾಣುವ ಟೋಪಿ

ನಮ್ಮ ಮಲಗುವ ಕೋಣೆಯ ಬೀರುವಿನ ಮೇಲೆ ಒಂದು ದುಂಡನೆಯ ರಟ್ಟಿನ ಡಬ್ಬವಿದೆ. ಹತ್ತು ವರ್ಷದ ಮೇಲಾಯಿತು, ಅದು ಅಲ್ಲಿಂದ ಕದಲಿಲ್ಲ. ನನ್ನ ಹೆಂಡತಿ ವಿಮಲ ಯುಗಾದಿ ಹತ್ತಿರವಾದಾಗ ಸ್ಟೂಲು ಹತ್ತಿ ಅದರ ಧೂಳು ಹೊಡೆಯುತ್ತಾಳೆ. "ಇದನ್ನ ಚ್ಯಾರಿಟಿ ಅಂಗಡಿಗೆ ಕೊಟ್ಟುಬಿಡೋಣ್ವೇನ್ರೀ?" ಎಂದು ಕೇಳುತ್ತಾಳೆ. "ಇರಲಿ ಬಿಡು" ಎನ್ನುತ್ತೇನೆ. ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಸಂಭಾಷಣೆ ಇದು. ಈ ವರ್ಷ ಅವಳು ಧೂಳು ಹೊಡೆದು ಸುಮ್ಮನೆ ಇಳಿದುಬಿಟ್ಟಳು, ಕೇಳಲೇ ಇಲ್ಲ. ಕೇಳದೆ ಹೋದದ್ದಕ್ಕೆ ನನಗೆ ಏನೋ ಕಸಿವಿಸಿಯಾಗಿ, ನಾನೇ ಸ್ಟೂಲು ಹತ್ತಿ ಡಬ್ಬ ಇಳಿಸಿ ಮುಚ್ಚಳ ತೆಗೆದೆ.

ಒಳಗೆ ಒಂದು ಬಿಳಿಯ ಟೋಪಿ. ಈಗ ಬಿಳಿ ಎನ್ನುವಂತಿಲ್ಲ, ಹಳೆಯ ಪಂಚೆಯ ಬಣ್ಣಕ್ಕೆ ತಿರುಗಿದೆ. ಕೂದಲಿನಷ್ಟು ತೆಳ್ಳಗೆ ಸೀಳಿದ ಬಿದಿರಿನ ಕಡ್ಡಿಗಳ ಮೇಲೆ ಸೆಣಬಿನ ನವಿರಾದ ಬಟ್ಟೆ ಹೊದಿಸಿದ್ದಾರೆ. ಎತ್ತರದ ನೆತ್ತಿ, ಸುತ್ತಲೂ ನಾಲ್ಕು ಬೆರಳಿನ ಅಂಚು, ಗದ್ದದ ಕೆಳಗೆ ಕಟ್ಟಿಕೊಳ್ಳಲು ಎರಡು ಲಾಡಿ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ. ಇದು ಕೊರಿಯಾ ದೇಶದ ಗಂಡಸರ ಟೋಪಿ. ಮೈಸೂರಿನ ಒಂಟಿಕೊಪ್ಪಲಿನ ಹೆಡ್‌ಮಾಸ್ತರರ ಮಗನ ಬೀರುವಿನ ಮೇಲೆ ಇದೇಕೆ ಕೂತಿದೆ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ, ಆದರೆ ನೇರವಾಗಿ ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ.

ಮೊದಲನೆಯದಾಗಿ, ನನಗೆ ಯಾವ ಟೋಪಿಯೂ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಇದು ಎಂದೋ ಇತ್ಯರ್ಥವಾದ ವಿಷಯ. ತಲೆ ದೊಡ್ಡದು, ಮುಖ ಸಣ್ಣದು. ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ಸೌತ್‌ಹಾಲ್‌ಗೆ ಹೋಗಿ ಒಂದು ಉಣ್ಣೆಯ ಮಂಕಿ ಕ್ಯಾಪ್ ತಂದಿದ್ದೆ. ಅದನ್ನು ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನನ್ನದೇ ವಾರ್ಡಿನ ನರ್ಸ್, ಉಡುಪಿಯ ಕಡೆಯ ಹೆಣ್ಣುಮಗಳು, ಗುರುತು ಹಿಡಿಯದೆ ಪಕ್ಕದಲ್ಲೇ ನಿಂತಿದ್ದಳು. ಗುರುತು ಹಿಡಿದ ಮೇಲೆ ಬಸ್ಸು ಬರುವ ತನಕ ಬೇರೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.

ಅಪ್ಪನಿಗೆ ಟೋಪಿ ಒಪ್ಪುತ್ತಿತ್ತು. ಕಪ್ಪು ಬಣ್ಣದ ದುಂಡು ಟೋಪಿ. ಬಾಗಿಲ ಹಿಂದೆ ಅದಕ್ಕೊಂದು ಮೊಳೆ. ಆ ಮೊಳೆಗೆ ಬೇರೆ ಏನನ್ನೂ ನೇತುಹಾಕುವಂತಿರಲಿಲ್ಲ. ಅವರು ಮಧ್ಯಾಹ್ನ ಮಲಗಿದಾಗ ನಾನು ಮಣೆಯ ಮೇಲೆ ನಿಂತು ಅದನ್ನು ತೆಗೆದು ಹಾಕಿಕೊಳ್ಳುತ್ತಿದ್ದೆ. ಅದು ಮೂಗಿನವರೆಗೂ ಇಳಿದು, ಒಳಗೆಲ್ಲ ಕತ್ತಲೆಯಾಗಿ, ಕೊಬ್ಬರಿ ಎಣ್ಣೆ, ಬೆವರು, ಸೀಮೆಸುಣ್ಣ ಮೂರೂ ಸೇರಿದ ವಾಸನೆ ಬರುತ್ತಿತ್ತು. ಅಪ್ಪ ತಲೆಯ ಮೇಲೆ ಟೋಪಿಯಿಲ್ಲದೆ ಶಾಲೆಯಲ್ಲಿ ಕಾಣಿಸಿಕೊಂಡದ್ದು ನನಗೆ ನೆನಪಿರುವಂತೆ ಒಂದೇ ಸಲ. ನಮ್ಮ ತರಗತಿಯ ಪುಟ್ಟಸ್ವಾಮಿಯ ತಂದೆ ತೀರಿಕೊಂಡು, ಅವನು ತಲೆ ಬೋಳಿಸಿಕೊಂಡು ಶಾಲೆಗೆ ಬಂದಿದ್ದ. ನಾವು ಹಿಂದಿನ ಬೆಂಚಿನವರು ಅವನ ತಲೆಗೆ ಗುರಿಯಿಟ್ಟು ಸೀಮೆಸುಣ್ಣದ ಚೂರು ಎಸೆಯುತ್ತಿದ್ದೆವು. ಎಸೆದವರಲ್ಲಿ ನನ್ನ ಗುರಿಯೇ ಚೆನ್ನಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ಹೊಡೆಯಲಿಲ್ಲ. ಒಳಗೆ ಬಂದು ತಮ್ಮ ಟೋಪಿ ತೆಗೆದು ಪುಟ್ಟಸ್ವಾಮಿಯ ತಲೆಗಿಟ್ಟು, "ಅಪ್ಪನಿಗೆ ಕೊಡೋದಕ್ಕೆ ಅವನ ಹತ್ರ ಇನ್ನೇನೂ ಇರಲಿಲ್ಲ. ಇದ್ದದ್ದು ಕೊಟ್ಟಿದಾನೆ. ನಗಬೇಡಿ" ಎಂದಷ್ಟೇ ಹೇಳಿ ಬರಿತಲೆಯಲ್ಲಿ ಹೊರಟುಹೋದರು.

ಆ ಅಪ್ಪ ತೀರಿಕೊಂಡದ್ದು ತೊಂಬತ್ತರ ದಶಕದ ನಡುವೆ, ಒಂದು ಜನವರಿಯಲ್ಲಿ. ನಾನಾಗ ದಕ್ಷಿಣ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್, ಅಂದರೆ ಇನ್ನೂ ಪರೀಕ್ಷೆ ಕಟ್ಟುತ್ತಿದ್ದ ಡಾಕ್ಟರ್. ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಾಗ ತಮ್ಮ ಶ್ರೀಕಂಠನ ಫೋನು ಬಂತು. ಸರಿಯಾಗಿ ಹನ್ನೆರಡನೆಯ ದಿನಕ್ಕೆ ನನ್ನ ಮೌಖಿಕ ಪರೀಕ್ಷೆಯಿತ್ತು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯ ಸಲವೂ ಹೋದರೆ ಮಾರ್ಚಿಗೆ ಕೆಲಸ ಮುಗಿಯುತ್ತಿತ್ತು, ಅದರ ಹಿಂದೆಯೇ ವೀಸಾ. ನಾನು ಏನು ಹೇಳಲಿ ಎಂದು ತಡವರಿಸುತ್ತಿರುವಾಗ ಅಮ್ಮನೇ ಫೋನು ತೆಗೆದುಕೊಂಡಳು.

"ನೀನು ಅಲ್ಲಿಂದ ಓಡಿ ಬರೋ ಹೊತ್ಗೆ ಎಲ್ಲಾ ಮುಗಿದಿರತ್ತೆ ಕಣಪ್ಪ. ಪರೀಕ್ಷೆ ಬಿಡಬೇಡ. ಶ್ರೀಕಂಠ ಇದಾನೆ, ಮಾಡ್ತಾನೆ. ನೀನು ಅಲ್ಲೇ ಹತ್ತನೇ ದಿನ ಕೂದಲು ತೆಗೆಸಿ, ಸ್ನಾನ ಮಾಡಿ, ನೀರು ಬಿಡು. ಹಿರೀಮಗ ನೀನು. ಅಷ್ಟಾದ್ರೆ ಅವರಿಗೆ ಸಾಕು" ಎಂದಳು.

"ಆಗಲಮ್ಮ" ಎಂದೆ.

ನಿಜವಾಗಿಯೂ ಆಗಲಿ ಎಂದೇ ಹೇಳಿದ್ದು. ಸ್ಟೇಷನ್ ಪಕ್ಕದ ಕ್ಷೌರದಂಗಡಿಗೆ ಎರಡು ಸಲ ಹೋದೆ. ಮೊದಲ ಸಲ ಕಿಟಕಿಯಾಚೆ ನಿಂತು ವಾಪಸು ಬಂದೆ. ಎರಡನೆಯ ಸಲ, ಹತ್ತನೆಯ ದಿನ, ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಬಟ್ಟೆ ಹೊದಿಸಿ ಅವನು "ಹೇಗೆ ಮಾಡಲಿ?" ಎಂದು ಕೇಳಿದ. ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿಕೊಂಡೆ. ಇನ್ನೆರಡು ದಿನಕ್ಕೆ ಮೂವರು ಪರೀಕ್ಷಕರು ನನ್ನ ಎದುರು ಕೂತಿರುತ್ತಾರೆ. ಕೋಟು, ಟೈ, ಮೇಲೊಂದು ಬೋಳುತಲೆ. ಇವನೇನು ಸನ್ಯಾಸಿಯೋ ಜೈಲಿನಿಂದ ಬಂದವನೋ ಎಂದುಕೊಳ್ಳುತ್ತಾರೆ. "ಸ್ವಲ್ಪ ಸಣ್ಣ ಮಾಡಿ, ಸಾಕು" ಎಂದೆ.

ಆ ಸಂಜೆ ಅಮ್ಮ ಕೇಳಿದಳು, "ಆಯ್ತೇನಪ್ಪ?"

"ಆಯ್ತಮ್ಮ."

"ಚಳಿ ಅಲ್ವಾ ಅಲ್ಲಿ? ತಲೆಗೆ ಏನಾದ್ರೂ ಸುತ್ಕೋ."

ಪರೀಕ್ಷೆ ಪಾಸಾಯಿತು. ಮೂವರು ಪರೀಕ್ಷಕರಲ್ಲಿ ಮಧ್ಯೆ ಕೂತಿದ್ದವರ ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಅವರು ಪೂರ್ತಿ ಹೊತ್ತು ನನ್ನ ಕಡೆ ನೋಡದೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ಈ ಸಂಗತಿಯನ್ನು ನೆನೆದು ನಗಲು ನಾನು ಹಲವು ಸಲ ಪ್ರಯತ್ನಪಟ್ಟಿದ್ದೇನೆ.

ಅದು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಮುಂದಿನ ವಾರ ಅಮ್ಮನಿಗೆ ಫೋಟೋ ಬೇಕಾಯಿತು. "ಒಂದು ಫೋಟೋ ತೆಗೆಸಿ ಕಳಿಸು. ನಿನ್ನ ಹಾಗೆ ನೋಡಿದ್ರೆ, ಅವರಿಗೆ ಮಾಡಬೇಕಾದ್ದೆಲ್ಲ ಆಯ್ತು ಅಂತ ನಂಗೊಂದು ನೆಮ್ಮದಿ" ಎಂದಳು. ಟೂಟಿಂಗಿನ ನಮ್ಮ ಸ್ನೇಹಿತರೊಬ್ಬರು ಆ ಶುಕ್ರವಾರ ಮೈಸೂರಿಗೆ ಹೊರಟಿದ್ದಾರೆಂಬುದೂ ಅವಳಿಗೆ ಹೇಗೋ ಗೊತ್ತಾಗಿತ್ತು. ಸಾವಿರಾರು ಮೈಲಿ ದೂರದಲ್ಲಿದ್ದರೂ ಲಂಡನ್ನಿನ ಕನ್ನಡಿಗರ ಓಡಾಟ ಅಮ್ಮನಿಗೆ ನಮಗಿಂತ ಚೆನ್ನಾಗಿ ತಿಳಿಯುತ್ತಿತ್ತು.

"ಈಗ್ಲಾದ್ರೂ ಹೋಗಿ ತೆಗೆಸ್ಕೊಂಡು ಬನ್ನಿ. ಹೊತ್ತೇನೂ ಮೀರಿಲ್ಲ" ಎಂದಳು ವಿಮಲ.

ಫೋಟೋಗೋಸ್ಕರ ಬೋಳಿಸಿಕೊಂಡರೆ ಅದು ಅಪ್ಪನಿಗೆ ಕೊಟ್ಟದ್ದು ಹೇಗಾಗುತ್ತದೆ ಎಂದು ನಾನು ದೊಡ್ಡ ತತ್ವ ಹೇಳಿದೆ. ತತ್ವ ಗಿತ್ವ ಏನಿಲ್ಲ. ಸೋಮವಾರ ಹೊಸ ವಾರ್ಡಿನಲ್ಲಿ ಕೆಲಸ ಶುರುವಾಗುವುದಿತ್ತು, ನನಗೆ ನಾಚಿಕೆಯಾಗುತ್ತಿತ್ತು. ಮಂಕಿ ಕ್ಯಾಪ್ ಹಾಕಿಕೊಂಡು ತೆಗೆಸುತ್ತೇನೆ ಎಂದೆ. "ಮಾವನೋರು ಹೋಗಿ ತಿಂಗಳಾಗಿಲ್ಲ, ಅತ್ತೆಗೆ ಮಂಕಿ ಕ್ಯಾಪ್ ಫೋಟೋ ಕಳಿಸ್ತೀರಾ?" ಎಂದು ಅವಳು ಪಾತ್ರೆ ತೊಳೆಯಲು ಎದ್ದುಹೋದಳು. ಆಗ ನನಗೆ ನೆನಪಾದವರು ಮಿಸ್ಟರ್ ಹಾನ್.

ನಾವಿದ್ದದ್ದು ನ್ಯೂ ಮಾಲ್ಡೆನ್‌ನಲ್ಲಿ, ಈಗಲೂ ಅಲ್ಲೇ. ನಮ್ಮವರೆಲ್ಲ ಕೆಂಟನ್ ಕಡೆ ಮನೆ ಮಾಡಿಕೊಂಡು ಶನಿವಾರ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಬಿಸಿಬೇಳೆಬಾತ್ ತಿನ್ನುತ್ತಿದ್ದರೆ, ನಾವು ಮಾತ್ರ ಆಸ್ಪತ್ರೆಗೆ ಹತ್ತಿರವೆಂದು ಕೊರಿಯಾದವರ ನಡುವೆ ಬಂದು ಬಿದ್ದಿದ್ದೆವು. ಹಾನ್ ಅವರದು ಬಟ್ಟೆ ಸರಿಮಾಡಿಕೊಡುವ ಸಣ್ಣ ಅಂಗಡಿ. ನನ್ನ ಪ್ಯಾಂಟುಗಳ ಸೊಂಟವನ್ನು ವರ್ಷಕ್ಕೊಮ್ಮೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದರು, ಅದರ ಬಗ್ಗೆ ಒಂದು ಮಾತೂ ಆಡದೆ. ಅರವತ್ತು ದಾಟಿದ ವಯಸ್ಸು, ಕೋಲುಮುಖ. ಅಂಗಡಿಯ ಒಂದು ಮೂಲೆಯಲ್ಲಿ ಗಾಜಿನ ಕಪಾಟು. ಅದರ ತುಂಬ ಟೋಪಿ. ಅವರ ತಾತ, ಮುತ್ತಾತ ಎಲ್ಲ ಟೋಪಿ ಹೆಣೆಯುವವರಂತೆ. ಅವರ ದೇಶದಲ್ಲಿ ಹಿಂದೆ ಮದುವೆಯಾದ ಗಂಡಸು ಉದ್ದ ಕೂದಲನ್ನು ನೆತ್ತಿಯ ಮೇಲೆ ಜುಟ್ಟು ಕಟ್ಟಿ, ಅದಕ್ಕೊಂದು ಬೆಳ್ಳಿಯ ಕಡ್ಡಿ ಚುಚ್ಚಿ, ಹಣೆಗೆ ಕುದುರೆ ಕೂದಲಿನ ಪಟ್ಟಿ ಬಿಗಿದು, ಮೇಲೆ 'ಗಾತ್' ಎಂಬ ಈ ಟೋಪಿ ಇಡುತ್ತಿದ್ದನಂತೆ. ಮನೆಯೊಳಗೆ ಬಂದರೆ ಮೆಟ್ಟು ಕಳಚಬೇಕು, ಟೋಪಿ ಕಳಚಬಾರದು. ಹಾನ್ ಅದನ್ನೆಲ್ಲ ಈ ಕಾಲಕ್ಕೆ ಇಳಿಸಿದ್ದರು. ಛತ್ರಿಯಷ್ಟಗಲ ಇದ್ದ ಅಂಚನ್ನು ಬಸ್ಸಿನಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚದಷ್ಟು ಕಿರಿದು ಮಾಡಿದ್ದರು. ಕುದುರೆ ಕೂದಲಿನ ಬದಲು ಇಲ್ಲಿನ ಹೆಂಗಸರ ಮದುವೆ ಟೋಪಿಗೆ ಬಳಸುವ ಜಾಲರಿ. ಹಣೆಪಟ್ಟಿಗೆ ಎಲಾಸ್ಟಿಕ್. ಜುಟ್ಟಿನ ಕಡ್ಡಿ ಗಿಡ್ಡವಾಗಿ ಟೈ ಪಿನ್ ಆಗಿತ್ತು. ಮದುವೆಗೆಂದು ಕೊರಿಯಾದ ಹುಡುಗರು ಕೊಳ್ಳುತ್ತಿದ್ದರು. ಡ್ರಮ್ ಬಾರಿಸುವ ಇಂಗ್ಲಿಷಿನವನೊಬ್ಬ ಮೂರು ಕೊಂಡಿದ್ದ.

ಮಂಗಳವಾರ ಹೋಗಿ ಹೇಳಿದೆ: ನನ್ನ ತಂದೆ ತೀರಿಕೊಂಡರು, ತಾಯಿಗೆ ಫೋಟೋ ಕಳಿಸಬೇಕು, ತಲೆಯ ಮೇಲೆ ಗೌರವವಾಗಿ ಕಾಣುವಂಥದ್ದು ಏನಾದರೂ ಬೇಕು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾನ್ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತರು. ಎರಡೂ ಕೈ ಪಕ್ಕಕ್ಕಿಟ್ಟು ಸೊಂಟದವರೆಗೆ ಬಾಗಿದರು. ನಾನು ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದೆ. ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದುಕೊಂಡು, "ಗುರುವಾರ" ಎಂದರು.

ಗುರುವಾರ ಈ ಬಿಳಿ ಟೋಪಿ ಮೇಜಿನ ಮೇಲಿತ್ತು. ನಾನು ಕಪಾಟಿನ ಕಪ್ಪು ಟೋಪಿಗಳಲ್ಲೊಂದು ಸಿಗುತ್ತದೆಂದುಕೊಂಡಿದ್ದೆ. ಬಿಳಿಯದು ತಂದೆ ಸತ್ತ ಮಗ ಇಡುವುದಂತೆ.

"ಇದು ಹೊಸದಲ್ಲ. ಅಂಚು ಮಾತ್ರ ಕತ್ತರಿಸಿದ್ದೇನೆ. ನನ್ನ ತಂದೆ ಹೋದಾಗ ಮಾಡಿಕೊಂಡದ್ದು" ಎಂದರು ಹಾನ್. ಅವರ ಇಂಗ್ಲಿಷು ನಿಧಾನ. ಒಂದೊಂದು ಮಾತಿಗೂ ಗುಂಡಿ ಹೊಲಿಯುವಷ್ಟು ಹೊತ್ತು. "ನನಗೆ ಹೋಗಲಾಗಲಿಲ್ಲ. ಇಲ್ಲೇ ತಲೆಗಿಟ್ಟುಕೊಂಡು ಕೂತೆ. ಒಬ್ಬಾಕೆ ಬಂದು ನಾಟಕಕ್ಕಾ ಎಂದು ಕೇಳಿದಳು. ತೆಗೆದುಬಿಟ್ಟೆ. ಒಂದು ದಿನ. ಅಷ್ಟೇ ಇಟ್ಟದ್ದು."

ಅದನ್ನು ನನ್ನ ತಲೆಯ ಮೇಲಿಟ್ಟು, ಗದ್ದದ ಕೆಳಗೆ ಲಾಡಿ ಕಟ್ಟಿ, ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿದರು. ಟೋಪಿಯೊಳಗೆ ನನ್ನ ಕೂದಲು, ಎಡಕ್ಕೆ ತೆಗೆದ ಬೈತಲೆಯ ಸಮೇತ, ಸೊಳ್ಳೆಪರದೆಯೊಳಗೆ ಮಲಗಿದ ಮನುಷ್ಯನ ಹಾಗೆ ಪೂರ್ತಿ ಕಾಣುತ್ತಿತ್ತು.

"ಕೂದಲು ಕಾಣುತ್ತದಲ್ಲ" ಎಂದೆ.

"ಕಾಣಬೇಕು" ಎಂದರು ಹಾನ್. "ಕೂದಲು ತಂದೆ ತಾಯಿ ಕೊಟ್ಟದ್ದು. ಹಾಳು ಮಾಡಬಾರದು, ತೆಗೆಯಬಾರದು. ನಾನು ಇಪ್ಪತ್ತರಲ್ಲಿ ಕ್ರಾಪು ಹೊಡೆಸಿದಾಗ ನಮ್ಮಪ್ಪ ಒಂದು ವರ್ಷ ಮಾತಾಡಿಸಲಿಲ್ಲ. ನಿಮ್ಮ ತಾಯಿ ನೋಡಲಿ. ಮಗ ಉಳಿಸಿಕೊಂಡಿದ್ದಾನೆ. ನೀವು ಒಳ್ಳೆಯ ಮಗ."

ಆಗ ಹೇಳಬೇಕಿತ್ತು. ನಮ್ಮಲ್ಲಿ ಕೂದಲು ತೆಗೆಸುವವನೇ ಮಗ, ನಾನು ಪರೀಕ್ಷೆಗೆ ಹೆದರಿ ಉಳಿಸಿಕೊಂಡೆ, ಅಮ್ಮನಿಗೆ ಸುಳ್ಳು ಹೇಳಿದೆ ಎಂದು ಹೇಳಬೇಕಿತ್ತು. ಅವರು ತಮ್ಮ ಅಪ್ಪನಿಗಾಗಿ ಮಾಡಿದ್ದನ್ನು ನನಗಾಗಿ ಕತ್ತರಿಸಿದ್ದರು. ನನ್ನ ಬಾಯಿಂದ ಹೊರಟದ್ದು "ಥ್ಯಾಂಕ್ಯೂ" ಮಾತ್ರ. ಎರಡು ವಾರದಲ್ಲಿ ನಾನು ಎರಡು ದೇಶದವರ ಪಾಲಿಗೆ ಒಳ್ಳೆಯ ಮಗನಾಗಿದ್ದೆ: ಅಮ್ಮನಿಗೆ ಕೂದಲು ತೆಗೆಸಿದ್ದಕ್ಕೆ, ಹಾನ್ ಅವರಿಗೆ ತೆಗೆಸದೆ ಇದ್ದದ್ದಕ್ಕೆ.

ಟೋಪಿ ಕೊಂಡವರ ಫೋಟೋ ತೆಗೆದು ಆಲ್ಬಮ್ಮಿಗೆ ಅಂಟಿಸುವುದು ಅವರ ಪದ್ಧತಿ. ಕ್ಷಣದಲ್ಲಿ ಚಿತ್ರ ಹೊರಗೆ ಬರುವ ಒಂದು ಕ್ಯಾಮೆರಾ ಇತ್ತು. ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದರು, ಕೂದಲು ಚೆನ್ನಾಗಿ ಕಾಣಲೆಂದು. ಎರಡು ತೆಗೆದು ಒಂದನ್ನು ಬೀಸಿ ಆರಿಸಿ ನನ್ನ ಕೈಗೆ ಕೊಟ್ಟರು. ಟೋಪಿಗೆ ಏನೂ ತೆಗೆದುಕೊಳ್ಳಲಿಲ್ಲ.

ಸ್ನೇಹಿತರು ಮರುದಿನ ಬೆಳಿಗ್ಗೆ ಹೊರಡುವವರು. ಫೋಟೋ ನೋಡಿ ವಿಮಲ, "ಇದನ್ನ ಕಳಿಸ್ತೀರಾ?" ಎಂದಳು. ಕಳಿಸಿದೆ. ಬೇರೆ ಫೋಟೋ ಇರಲಿಲ್ಲ ಎಂಬುದು ಒಂದು ಕಾರಣ. ಸಿಕ್ಕಿಬಿದ್ದರೆ ಬೀಳೋಣ, ಅಮ್ಮ ಬೈದರೆ ಬೈಯಲಿ, ಒಂದು ಸಲ ಬೈಸಿಕೊಂಡುಬಿಟ್ಟರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ತಾನಾಗಿ ಒಪ್ಪಿಕೊಳ್ಳುವ ಎದೆಗಾರಿಕೆ ಇಲ್ಲದವನು ಹೀಗೆ ಬಾಗಿಲು ಓರೆ ಮಾಡಿಟ್ಟು ಕಾಯುತ್ತಾನೆ.

ಹತ್ತು ದಿನದ ಮೇಲೆ ಅಮ್ಮನ ಫೋನು. "ಫೋಟೋ ಬಂತು" ಎಂದಳು. "ತುಂಬ ಇಳಿದುಹೋಗಿದೀಯ. ವಿಮಲಂಗೆ ಹೇಳ್ತೀನಿ, ರಾತ್ರಿ ಹೊತ್ತು ಒಂದು ಲೋಟ ಹಾಲು ಕೊಡು ಅಂತ." ಅಷ್ಟೇ. ಟೋಪಿಯ ಮಾತಿಲ್ಲ, ಕೂದಲಿನ ಮಾತಿಲ್ಲ. ಕಣ್ಣಿಗೆ ಪೊರೆ ಬಂದಿರಬೇಕು, ಕಂಡಿಲ್ಲ ಎಂದುಕೊಂಡೆ. ಡಾಕ್ಟರಾದವನಿಗೆ ಇಂಥ ಸಮಾಧಾನಗಳು ಬೇಗ ಹೊಳೆಯುತ್ತವೆ.

ಬೇಸಿಗೆಯಲ್ಲಿ ರಜ ಸಿಕ್ಕಿ ಊರಿಗೆ ಹೋದಾಗ ಅಮ್ಮ ಹಜಾರದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ಒತ್ತಿದಳು. ನೆತ್ತಿ ತಟ್ಟುತ್ತಾ, "ಎಷ್ಟು ಬೇಗ ಬೆಳೆದುಬಿಡ್ತು ನೋಡು" ಎಂದಳು. ಆಚೆ ಕೂತಿದ್ದ ಶ್ರೀಕಂಠ ಪೇಪರಿನಿಂದ ತಲೆಯೆತ್ತಲಿಲ್ಲ. ಅವನ ಕೂದಲು ಇನ್ನೂ ಬ್ರಶ್ಶಿನ ಹಾಗೆ ಮೋಟಾಗಿತ್ತು.

ಆಮೇಲೆ ವರ್ಷಗಳು ಉರುಳಿದವು. ಹಾನ್ ಅವರ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ಅಲ್ಲೀಗ ಮೊಬೈಲ್ ಫೋನು ಮಾರುತ್ತಾರೆ. ಅವರಿಗೂ ನಾನು ನಿಜ ಹೇಳಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಎರಡು ಸಾವಿರದ ಇಸವಿ ದಾಟಿದ ಮೇಲೆ ಅಮ್ಮ ತೀರಿಕೊಂಡಾಗ ನನಗೆ ಪರೀಕ್ಷೆಯಿರಲಿಲ್ಲ, ಯಾರ ಭಯವೂ ಇರಲಿಲ್ಲ, ಕೂದಲೂ ಇರಲಿಲ್ಲ. ಸಿಕ್ಕಿದ ವಿಮಾನ ಹಿಡಿದು ಹೋದೆ. ಹತ್ತನೆಯ ದಿನ ಕಾವೇರಿಯ ದಂಡೆಯಲ್ಲಿ ಕ್ಷೌರದವನು ಕಿವಿಯ ಸುತ್ತ, ಕತ್ತಿನ ಹಿಂದೆ ಅಷ್ಟಿಷ್ಟು ಉಳಿದಿದ್ದನ್ನು ಎರಡು ನಿಮಿಷದಲ್ಲಿ ಮುಗಿಸಿ, ಶ್ರೀಕಂಠನ ಕಡೆ ತಿರುಗಿದ. ಬೋಳುತಲೆಯಲ್ಲೇ ಹೀಥ್ರೋಗೆ ಇಳಿದೆ. ಆಸ್ಪತ್ರೆಯಲ್ಲಿ ಯಾರೂ ವ್ಯತ್ಯಾಸ ಗಮನಿಸಲಿಲ್ಲ. ಆ ದಿನಗಳಲ್ಲಿ ನನಗೆ ಅಳು ಬಂದದ್ದು ಅದಕ್ಕೇ.

ಮೂರು ತಿಂಗಳ ಮೇಲೆ ಶ್ರೀಕಂಠ ಒಂದು ಪೊಟ್ಟಣ ಕಳಿಸಿದ. ಅಮ್ಮನ ಟ್ರಂಕಿನಲ್ಲಿ ನನಗೆ ಸೇರಿದ್ದೆಂದು ಅವನಿಗೆ ಕಂಡದ್ದೆಲ್ಲ ಅದರಲ್ಲಿತ್ತು: ನಾನು ಬರೆದ ಏರೋಗ್ರಾಮ್‌ಗಳು, ಮೆಡಿಕಲ್ ಕಾಲೇಜಿನ ಗುರುತಿನ ಚೀಟಿ, ಒಂದು ಬೆಳ್ಳಿಯ ಉಡಿದಾರ. ಎಲ್ಲಕ್ಕೂ ಕೆಳಗೆ ಹಾನ್ ತೆಗೆದ ಫೋಟೋ.

ಟೋಪಿ ಅದರಲ್ಲಿ ಇರಲಿಲ್ಲ. ಹುಬ್ಬಿನ ನೇರಕ್ಕೆ ಕತ್ತರಿಯಿಂದ ಕತ್ತರಿಸಿಬಿಟ್ಟಿದ್ದರು. ಕಿವಿಯ ಹತ್ತಿರ ಕೆನ್ನೆಗೂದಲು, ಗದ್ದದ ಕೆಳಗೆ ಲಾಡಿ ಕಾಣಬಾರದೆಂದು ಎರಡೂ ಪಕ್ಕ ಮತ್ತು ಕೆಳಗೆ ಸಣ್ಣಗೆ, ಬಹಳ ಜೋಪಾನವಾಗಿ ಸವರಿದ್ದರು. ಉಳಿದದ್ದು ಎರಡು ಕಣ್ಣು, ಮೂಗು, ಬಾಯಿ. ಯಾರ ಮುಖವೋ ಎನ್ನುವಂತಿತ್ತು. ಅಂಚು ನೋಡಿದರೆ, ಕಣ್ಣಿಗೆ ಪೊರೆ ಬಂದವರು ಕತ್ತರಿಸಿದ ಹಾಗಿರಲಿಲ್ಲ.

ವಿಮಲ ನೋಡಿ ಕೈಗೆ ವಾಪಸು ಕೊಟ್ಟಳು. ನಾನು ಶ್ರೀಕಂಠನಿಗೆ ಫೋನು ಮಾಡಿದೆ.

"ಓ, ಅದಾ?" ಎಂದ. "ಅಮ್ಮಾನೇ ಕತ್ತರಿಸಿದ್ದು, ಬಂದ ದಿನವೇ. ಕತ್ತರಿಸೋ ಮುಂಚೆ ನಮಗ್ಯಾರಿಗೂ ತೋರಿಸ್ಲಿಲ್ಲ. ಏನೋ ವಿಚಿತ್ರ ಟೋಪಿ ಹಾಕಿದಾನೆ, ನೋಡಿದೋರು ನಗ್ತಾರೆ ಅಂದ್ಲು. ಆಮೇಲೆ ಮನೆಗೆ ಬಂದೋರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. 'ನಮ್ಮ ದೊಡ್ಡೋನು ನೋಡಿ, ಆ ದೇಶದ ಚಳೀಲೂ ಅವರಪ್ಪಂಗೆ ಅಂತ ತಲೆ ಬೋಳಿಸ್ಕೊಂಡ' ಅಂತ. ನಂಗೆ ಒಂದೊಂದ್ಸಲ ಹೊಟ್ಟೆ ಉರೀತಿತ್ತು ಅಣ್ಣ. ಬೆಂಕಿ ಇಟ್ಟೋನು ನಾನು, ಹದಿಮೂರು ದಿನ ಒಪ್ಪೊತ್ತು ಮಾಡ್ದೋನು ನಾನು. ನನ್ನ ತಲೆ ಬಗ್ಗೆ ಅವಳು ಯಾರಿಗೂ ಹೇಳಿದ್ದಿಲ್ಲ."

ನಾನು ಫೋಟೋವನ್ನು ಮೇಜಿನ ಮೇಲೆ ಮಗುಚಿಟ್ಟೆ.

"ಇರಲಿ ಬಿಡು, ನಂಗೆ ಇಲ್ಲಿ ಚಳಿ ಇರಲಿಲ್ವಲ್ಲ" ಎಂದು ನಕ್ಕ. ಆಮೇಲೆ, "ನಿಜವಾಗ್ಲೂ ಅಷ್ಟು ಚಳಿ ಇತ್ತಾ ಆಗ?" ಎಂದು ಕೇಳಿದ.

"ಇತ್ತು ಕಣೋ" ಎಂದೆ.